ಆಕ್ಸಿಜನ್ ಸೆನ್ಸರ್ ಕೋಡ್ ಬಂತೇ? ಬದಲಿಸುವ ಮೊದಲು ಹೀಗೆ ಪರೀಕ್ಷಿಸಿ

‘ಚೆಕ್ ಎಂಜಿನ್ ಲೈಟ್ ಬಂದಿದೆ, ಸ್ಕ್ಯಾನ್ ಮಾಡಿದವರು ಆಕ್ಸಿಜನ್ ಸೆನ್ಸರ್ ಹೋಗಿದೆ ಅಂತಾರೆ, ಹಾಕಿಸಲೇ?’ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು: ‘ಹೊಸ ಸೆನ್ಸರ್ ಹಾಕಿಸಿ ಹದಿನೈದು ದಿನ ಆಗಿಲ್ಲ, ಅದೇ ಲೈಟ್ ಮತ್ತೆ ಬಂತು, ಯಾಕೆ?’ ಮೊದಲ ಪ್ರಶ್ನೆಗೆ ಅವಸರದ ಉತ್ತರ ಸಿಕ್ಕಿದ್ದರಿಂದಲೇ ಎರಡನೆಯದು ಹುಟ್ಟಿದೆ. ಕೋಡಿನಲ್ಲಿ ಸೆನ್ಸರಿನ ಹೆಸರಿದೆ ಎಂದ ಮಾತ್ರಕ್ಕೆ ಸೆನ್ಸರ್ ಕೆಟ್ಟಿದೆ ಎಂದಲ್ಲ. ಸೆನ್ಸರ್ ಹೇಳಿದ ಸುದ್ದಿ ಎಂಜಿನ್ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಸರಿಕಾಣಲಿಲ್ಲ ಎಂದಷ್ಟೇ ಅದರ ಅರ್ಥ. ಸುದ್ದಿ ತಂದವನು ಸುಳ್ಳು ಹೇಳುತ್ತಿದ್ದಾನೋ, ನಿಜಕ್ಕೂ ಎಂಜಿನ್ನಿನಲ್ಲೇ ತೊಂದರೆ ಇದೆಯೋ ಎಂಬುದನ್ನು ನಾವೇ ಪರೀಕ್ಷಿಸಿ ತಿಳಿಯಬೇಕು.

ಈ ಲೇಖನ ನಮ್ಮ ರಸ್ತೆಗಳಲ್ಲಿ ಓಡುವ ಬಿಎಸ್4, ಬಿಎಸ್6 ಪೆಟ್ರೋಲ್ ಕಾರುಗಳ ಬಗ್ಗೆ. ಅದರಲ್ಲೂ ಮೂರು, ನಾಲ್ಕು ಸಿಲಿಂಡರಿನ ಸಾಮಾನ್ಯ ಎಂಜಿನ್ನುಗಳ ಬಗ್ಗೆ.

ಸೆನ್ಸರ್ ಮಾಡುವ ಕೆಲಸವೇನು?

ಸೆನ್ಸರಿನ ತುದಿಯಲ್ಲಿ, ತೂತಿರುವ ಲೋಹದ ಟೊಪ್ಪಿಗೆಯೊಳಗೆ, ಜಿರ್ಕೋನಿಯಾ ಎಂಬ ಸೆರಾಮಿಕ್ ಇರುತ್ತದೆ. ಅದರ ಒಂದು ಮೈಗೆ ಸೈಲೆನ್ಸರ್ ಪೈಪಿನೊಳಗಿನ ಹೊಗೆ ತಾಗುತ್ತದೆ, ಇನ್ನೊಂದು ಮೈಗೆ ಹೊರಗಿನ ಗಾಳಿ. ಎರಡೂ ಕಡೆಯ ಆಮ್ಲಜನಕದ ಪ್ರಮಾಣದಲ್ಲಿ ವ್ಯತ್ಯಾಸವಿದ್ದರೆ ಸೆರಾಮಿಕ್ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ ಸುಮಾರು 0.1 ವೋಲ್ಟ್, ಇದು ‘ಲೀನ್’, ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು. ಆಮ್ಲಜನಕ ಉಳಿದಿಲ್ಲದಿದ್ದರೆ ಸುಮಾರು 0.9 ವೋಲ್ಟ್, ಇದು ‘ರಿಚ್’, ಪೆಟ್ರೋಲ್ ಹೆಚ್ಚು. ಗಡಿ 0.45ರ ಹತ್ತಿರ. ಶುದ್ಧ ಪೆಟ್ರೋಲಿಗೆ ಈ ಗಡಿಯೆಂದರೆ ತೂಕದಲ್ಲಿ ಒಂದು ಪಾಲು ಇಂಧನಕ್ಕೆ 14.7 ಪಾಲು ಗಾಳಿ. ಇದನ್ನೇ ಲ್ಯಾಂಬ್ಡಾ 1 ಎನ್ನುತ್ತಾರೆ. ಲ್ಯಾಂಬ್ಡಾ 1ಕ್ಕಿಂತ ಹೆಚ್ಚಿದ್ದರೆ ಲೀನ್, ಕಡಿಮೆಯಿದ್ದರೆ ರಿಚ್.

ಒಂದು ಮಾತು ಗಟ್ಟಿಯಾಗಿ ನೆನಪಿರಲಿ: ಸೆನ್ಸರ್ ಅಳೆಯುವುದು ಆಮ್ಲಜನಕವನ್ನು, ಪೆಟ್ರೋಲನ್ನಲ್ಲ. ಒಂದು ಸಿಲಿಂಡರಿನಲ್ಲಿ ಪ್ಲಗ್ ಹೊತ್ತದೆ ಎಂಜಿನ್ ಮಿಸ್ ಹೊಡೆದರೆ, ಉರಿಯದ ಪೆಟ್ರೋಲಿನ ಜೊತೆ ಬಳಕೆಯಾಗದ ಆಮ್ಲಜನಕವೂ ಹೊರಬರುತ್ತದೆ. ಸೆನ್ಸರ್ ಅದನ್ನು ಲೀನ್ ಎಂದೇ ಓದುತ್ತದೆ, ಹಿಂದೆ ನಿಂತವರಿಗೆ ಪೆಟ್ರೋಲ್ ವಾಸನೆ ಬರುತ್ತಿದ್ದರೂ.

ಜಿರ್ಕೋನಿಯಾ ಕೆಲಸ ಶುರುಮಾಡಲು ಸುಮಾರು 300–350 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅದಕ್ಕೆಂದೇ ಒಳಗೊಂದು ಹೀಟರ್. ನಾಲ್ಕು ವೈರುಗಳಲ್ಲಿ ಎರಡು ಹೀಟರಿನವು, ಒಂದು ಸಿಗ್ನಲ್, ಒಂದು ಅದರ ಅರ್ಥ್.

ಹೊಗೆಯಲ್ಲಿನ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಮೊದಲು ಇರುವುದು ಸೆನ್ಸರ್ 1. ಪೆಟ್ರೋಲ್ ಹೊಂದಿಸುವುದು ಮುಖ್ಯವಾಗಿ ಇದರ ಮಾತಿನ ಮೇಲೆ. ನಂತರ ಇರುವುದು ಸೆನ್ಸರ್ 2. ಕನ್ವರ್ಟರ್ ಕೆಲಸ ಮಾಡುತ್ತಿದೆಯೇ ಎಂದು ಕಾಯುವುದು ಅದರ ಮುಖ್ಯ ಕೆಲಸ. ಕೋಡಿನಲ್ಲಿ ಬರುವ ‘ಬ್ಯಾಂಕ್ 1’ ಎಂದರೆ ಒಂದನೇ ಸಿಲಿಂಡರ್ ಇರುವ ಬದಿ. ಸಿಲಿಂಡರುಗಳು ಒಂದೇ ಸಾಲಿನಲ್ಲಿರುವ ನಮ್ಮ ಕಾರುಗಳಲ್ಲಿ ಇರುವುದೇ ಒಂದು ಬ್ಯಾಂಕ್.

ಬೇಕಾಗುವ ಸಾಮಾನು

ಲೈವ್ ಡೇಟಾ ತೋರಿಸುವ ಸ್ಕ್ಯಾನರ್, ಇಲ್ಲವೇ ಫೋನಿಗೆ ಜೋಡಿಸುವ ಇಎಲ್‌ಎಂ327 ಬ್ಲೂಟೂತ್ ಡಾಂಗಲ್. ಡಿಜಿಟಲ್ ಮಲ್ಟಿಮೀಟರ್, ಒಳ ಪ್ರತಿರೋಧ 10 ಮೆಗಾಓಮ್ ಇರುವಂಥದ್ದು. ಮುಳ್ಳಿನ ಹಳೆ ಮೀಟರ್ ಸೆನ್ಸರಿನ ಸಣ್ಣ ಕರೆಂಟನ್ನೇ ಎಳೆದು ರೀಡಿಂಗ್ ಕೆಡಿಸುತ್ತದೆ. ತೆಳ್ಳನೆಯ ಗುಂಡುಸೂಜಿ ಎರಡು, ಟಾರ್ಚ್, ದಪ್ಪ ಕೈಗವಸು. ಬಿಚ್ಚುವ ಹಂತ ಬಂದರೆ 22 ಎಂಎಂ ಪಾನಾ ಅಥವಾ ವೈರಿಗಾಗಿ ಸೀಳು ಬಿಟ್ಟಿರುವ ಆಕ್ಸಿಜನ್ ಸೆನ್ಸರ್ ಸಾಕೆಟ್. ಕೆಲಸ ಬಯಲಲ್ಲಿ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಅದಕ್ಕೆ ವಾಸನೆಯೂ ಇಲ್ಲ. ಕಾರಿನ ಕೆಳಗೆ ಹೋಗುವುದಾದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ.

1. ಕೋಡ್ ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ

ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿ, ಎಲ್ಲ ಕೋಡ್‌ಗಳನ್ನೂ ಬರೆದುಕೊಳ್ಳಿ. ಜೊತೆಗೆ ‘ಫ್ರೀಜ್ ಫ್ರೇಮ್’ ತೆರೆಯಿರಿ. ಕೋಡ್ ಬಿದ್ದ ಆ ಗಳಿಗೆಯಲ್ಲಿ ವೇಗ, ಆರ್‌ಪಿಎಂ, ಎಂಜಿನ್ ಬಿಸಿ, ಫ್ಯೂಯೆಲ್ ಟ್ರಿಮ್ (ವಿವರ 5ನೇ ಹಂತದಲ್ಲಿ) ಎಷ್ಟಿತ್ತು ಎಂದು ಇಸಿಯು ಹಿಡಿದಿಟ್ಟ ಚಿತ್ರ ಅದು. ಜನ ಮಾಡುವ ಮೊದಲ ತಪ್ಪು, ಲೈಟ್ ಹೋಗಲಿ ಎಂದು ಕೂಡಲೇ ‘ಕ್ಲಿಯರ್’ ಒತ್ತುವುದು. ಲೈಟಿನ ಜೊತೆ ಈ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಬ್ಯಾಟರಿ ವೈರ್ ಬಿಚ್ಚಿದರೂ ಬಹಳಷ್ಟು ಕಾರುಗಳಲ್ಲಿ ಅದೇ ಕಥೆ.

ಸೆನ್ಸರ್ 1ರ ಕೋಡ್‌ಗಳು ಹೀಗೆ: ಪಿ0131 ವೋಲ್ಟೇಜ್ ಕಡಿಮೆ, ಪಿ0132 ಹೆಚ್ಚು, ಪಿ0133 ನಿಧಾನ, ಪಿ0134 ಚಲನೆಯೇ ಇಲ್ಲ, ಪಿ0135 ಹೀಟರ್ ಸರ್ಕ್ಯೂಟ್. ಸೆನ್ಸರ್ 2ಕ್ಕೆ ಇದೇ ಕ್ರಮದಲ್ಲಿ ಪಿ0137ರಿಂದ ಪಿ0141ರವರೆಗೆ. ಪಿ0171 ಎಂದರೆ ಮಿಶ್ರಣ ಲೀನ್, ಪಿ0172 ಎಂದರೆ ರಿಚ್. ಇವೆರಡು ಸೆನ್ಸರ್ ಕೋಡ್‌ಗಳೇ ಅಲ್ಲ. ಸೆನ್ಸರ್ ಸರಿಯಾಗಿ ಓದಿ ದೂರು ಕೊಟ್ಟಾಗ ಬರುವಂಥವು. ಪಿ0420 ಕನ್ವರ್ಟರಿನ ಕ್ಷಮತೆಯದ್ದು. ಮಿಸ್‌ಫೈರ್ ಕೋಡ್, ಅಂದರೆ ಪಿ0300ರಿಂದ ಮುಂದಿನದ್ದು, ಜೊತೆಗಿದ್ದರೆ ಮೊದಲು ಪ್ಲಗ್, ಕಾಯಿಲ್, ಇಂಜೆಕ್ಟರ್ ನೋಡಿ. ಅದು ಸರಿಹೋಗದೆ ಮುಂದಿನ ಯಾವ ಪರೀಕ್ಷೆಯೂ ನಿಜ ಹೇಳುವುದಿಲ್ಲ.

2. ಮೊದಲು ಕಣ್ಣಿಂದ, ಕಿವಿಯಿಂದ ನೋಡಿ

ಎಂಜಿನ್ ತಣ್ಣಗಿರುವಾಗ ಸೆನ್ಸರಿನಿಂದ ಹೊರಟ ವೈರನ್ನು ಕಪ್ಲರಿನವರೆಗೆ, ಅಂದರೆ ವೈರ್ ಕೂಡುವ ಪ್ಲಾಸ್ಟಿಕ್ ಜೋಡಣೆಯವರೆಗೆ, ಬೆರಳಿನಿಂದ ಸವರಿಕೊಂಡು ಹೋಗಿ. ಕ್ಲಿಪ್ ಕಳಚಿ ಪೈಪಿಗೆ ತಾಗಿ ಕರಗಿದ ವೈರ್, ಇಲಿ ಕಡಿದ ವೈರ್, ನೀರು ನುಗ್ಗಿ ಹಸಿರುಗಟ್ಟಿದ ಪಿನ್: ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಕಾರುಗಳಲ್ಲಿ ಇವನ್ನು ಮೊದಲು ಅನುಮಾನಿಸಬೇಕು. ಕಪ್ಲರಿನೊಳಗೆ ಎಂಜಿನ್ ಆಯಿಲ್ ಇಳಿದಿದ್ದರೂ ರೀಡಿಂಗ್ ಕೆಡುತ್ತದೆ.

ಇನ್ನು ಸೈಲೆನ್ಸರ್ ಲೀಕ್. ಎಂಜಿನ್ನಿನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಸಣ್ಣ ಸಂದಿದ್ದರೆ ಹೊಗೆ ಹೊರಗೆ ಬರುವುದಷ್ಟೇ ಅಲ್ಲ, ಹೊಗೆಯ ಎರಡು ಬಡಿತದ ನಡುವೆ ಹೊರಗಿನ ಗಾಳಿ ಒಳಗೂ ಎಳೆದುಕೊಳ್ಳುತ್ತದೆ. ಸೆನ್ಸರ್ ಆ ಗಾಳಿಯನ್ನು ಕಂಡು ‘ಲೀನ್’ ಎನ್ನುತ್ತದೆ, ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ, ಮೈಲೇಜ್ ಬೀಳುತ್ತದೆ. ಸೆನ್ಸರ್ ಎಷ್ಟು ಬದಲಿಸಿದರೂ ಇದು ಹೋಗುವುದಿಲ್ಲ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ‘ಟಿಕ್ ಟಿಕ್’ ಸದ್ದು, ಜಾಯಿಂಟಿನ ಸುತ್ತ ಕಪ್ಪು ಮಸಿಯ ಗೆರೆ ಇವೆಯೇ ನೋಡಿ. ಪೈಪ್ ತಣ್ಣಗಿರುವಾಗಲೇ ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ, ಒಬ್ಬರು ಸ್ಟಾರ್ಟ್ ಮಾಡಿ, ಇನ್ನೊಬ್ಬರು ಹಿಂದಿನ ಪೈಪಿನ ಬಾಯಿಯನ್ನು ದಪ್ಪ ಬಟ್ಟೆಯಿಂದ ಎರಡು ಮೂರು ಸೆಕೆಂಡ್ ಅರ್ಧ ಮುಚ್ಚಿದರೆ ಲೀಕ್ ಇದ್ದಲ್ಲಿ ಗುಳ್ಳೆ ಏಳುತ್ತದೆ.

3. ಬಿಸಿ ಮಾಡಿ ಲೈವ್ ಡೇಟಾ ನೋಡಿ

ಹತ್ತು ಹದಿನೈದು ನಿಮಿಷ ಓಡಿಸಿ ಬನ್ನಿ. ನೀರಿನ ಬಿಸಿ 80 ಡಿಗ್ರಿ ದಾಟಿರಬೇಕು, ಸ್ಕ್ಯಾನರಿನಲ್ಲಿ ‘ಕ್ಲೋಸ್ಡ್ ಲೂಪ್’ ಎಂದಿರಬೇಕು. ಅಂದರೆ ಇಸಿಯು ಈಗ ಸೆನ್ಸರ್ ಮಾತು ಕೇಳಿ ಪೆಟ್ರೋಲ್ ಹೊಂದಿಸುತ್ತಿದೆ. ತಣ್ಣಗಿನ ಎಂಜಿನ್ನಿನಲ್ಲಿ 0.45ಕ್ಕೇ ನಿಂತ ಗೆರೆ ನೋಡಿ ‘ಸೆನ್ಸರ್ ಸತ್ತಿದೆ’ ಎನ್ನುವುದು ತಪ್ಪು.

ಎಂಜಿನ್ನನ್ನು 2,500 ಆರ್‌ಪಿಎಂನಲ್ಲಿ ಹಿಡಿದು ಸೆನ್ಸರ್ 1ರ ವೋಲ್ಟೇಜ್ ಗ್ರಾಫ್ ಹಾಕಿ. ಆರೋಗ್ಯವಂತ ಸೆನ್ಸರ್ ಒಂದೆಡೆ ನಿಲ್ಲುವುದಿಲ್ಲ. 0.12, 0.78, 0.81, 0.20, 0.15, 0.74 ಹೀಗೆ ಗಡಿಯ ಆಚೆ ಈಚೆ ಹಾರುತ್ತಲೇ ಇರುತ್ತದೆ. ಹತ್ತು ಸೆಕೆಂಡಿಗೆ ಎಂಟು ಸಲವಾದರೂ ಗಡಿ ದಾಟಬೇಕು. ಸಂಖ್ಯೆ 0.3ರಿಂದ 0.6ರ ನಡುವೆ ಸೋಮಾರಿಯಾಗಿ ತೇಲುತ್ತಿದ್ದರೆ ಸೆನ್ಸರ್ ಮುದಿಯಾಗಿದೆ, ಇಲ್ಲವೇ ಮಸಿ ಕಟ್ಟಿದೆ.

ಇಲ್ಲೊಂದು ಮೋಸವಿದೆ. ಅಗ್ಗದ ಡಾಂಗಲ್‌ಗಳು ಒಂದು ಸೆಕೆಂಡಿಗೆ ಕೆಲವೇ ರೀಡಿಂಗ್ ತರುತ್ತವೆ. ಪರದೆಯ ಮೇಲೆ ಹತ್ತು ಮೀಟರ್ ಇಟ್ಟುಕೊಂಡರೆ ಆ ಕೆಲವನ್ನು ಹತ್ತಕ್ಕೂ ಹಂಚಬೇಕು. ಆಗ ಚುರುಕಾದ ಸೆನ್ಸರ್ ಕೂಡ ನಿಧಾನವಾಗಿ ಕಾಣುತ್ತದೆ. ಸೆನ್ಸರ್ ನೋಡುವಾಗ ಅದೊಂದೇ ಮೀಟರ್ ಇರಲಿ.

ಸೆನ್ಸರ್ 2ರಲ್ಲಿ ಲೆಕ್ಕ ಉಲ್ಟಾ. ಅದು 0.6–0.7ರ ಸುಮಾರಿಗೆ ನೆಟ್ಟಗೆ ನಿಂತಿರಬೇಕು. ಅದೂ ಸೆನ್ಸರ್ 1ರ ಹಾಗೆಯೇ ಕುಣಿಯುತ್ತಿದ್ದರೆ ಕನ್ವರ್ಟರ್ ಆಮ್ಲಜನಕ ಹಿಡಿದಿಡುವ ಶಕ್ತಿ ಕಳೆದುಕೊಂಡಿದೆ. ಪಿ0420ಗೆ ಸೆನ್ಸರ್ 2 ಬದಲಿಸಿ ದುಡ್ಡು ಕಳೆದುಕೊಳ್ಳುವವರು ಬಹಳ ಮಂದಿ. ಕುಣಿಯುವ ಸೆನ್ಸರ್ 2 ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ.

ನಿಮ್ಮ ಕಾರಿನ ಸೆನ್ಸರ್ 1 ‘ವೈಡ್‌ಬ್ಯಾಂಡ್’ ಇರಬಹುದು. ಹೊಸ ಕಾರುಗಳಲ್ಲಿ ಇದೇ ಹೆಚ್ಚು. ಅದು ಬರೀ ರಿಚ್, ಲೀನ್ ಎನ್ನದೆ ಎಷ್ಟು ಎಂಬುದನ್ನೂ ಅಳೆಯುತ್ತದೆ. ಸಾಮಾನ್ಯವಾಗಿ ಐದು ಅಥವಾ ಆರು ವೈರ್ (ಕೆಲವಕ್ಕೆ ನಾಲ್ಕೇ), ಸ್ಕ್ಯಾನರಿನಲ್ಲಿ ವೋಲ್ಟಿನ ಬದಲು ಅಥವಾ ಜೊತೆಗೆ ಲ್ಯಾಂಬ್ಡಾ ಬರುತ್ತದೆ. 0.1–0.9ರ ಲೆಕ್ಕ ಇದಕ್ಕೆ ಹೊಂದುವುದಿಲ್ಲ, ಮೇಲೆ ಕೆಳಗೆ ಹಾರುವುದೂ ಇಲ್ಲ, ಲ್ಯಾಂಬ್ಡಾ 1.00ರ ಅಕ್ಕಪಕ್ಕ ಇದ್ದರೆ ಸರಿ. ಇದನ್ನು ಮಲ್ಟಿಮೀಟರಿನಲ್ಲಿ ಅಳೆಯಲು ಹೋಗದೆ ಸ್ಕ್ಯಾನರಿನಲ್ಲೇ ನೋಡಿ.

4. ಎರಡೂ ಕಡೆಗೆ ಎಳೆದು ನೋಡಿ

ಇಡೀ ತಪಾಸಣೆಯ ಜೀವಾಳ ಈ ಹಂತ. ವೋಲ್ಟೇಜ್ ಕೆಳಗೇ ನಿಂತಿದೆ ಎಂದಿಟ್ಟುಕೊಳ್ಳಿ. ಸೆನ್ಸರ್ ಕೆಟ್ಟು ನಿಂತಿದೆಯೋ, ಮಿಶ್ರಣ ನಿಜಕ್ಕೂ ಲೀನ್ ಇದೆಯೋ ಗೊತ್ತಾಗಬೇಕಾದರೆ ಮಿಶ್ರಣವನ್ನು ನಾವೇ ಬದಲಿಸಿ ಸೆನ್ಸರ್ ಏನೆನ್ನುತ್ತದೆ ಎಂದು ನೋಡಬೇಕು.

ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರನ್ನು ಒಮ್ಮೆ ಥಟ್ಟನೆ ತುಳಿದು ಬಿಡಿ. ತುಳಿದ ಕ್ಷಣ ಪೆಟ್ರೋಲ್ ಹೆಚ್ಚು ಬೀಳುತ್ತದೆ, ವೋಲ್ಟೇಜ್ 0.8 ದಾಟಬೇಕು. ಕಾಲು ತೆಗೆದು ಆರ್‌ಪಿಎಂ ಇಳಿಯುವಾಗ ಇಂಜೆಕ್ಟರ್ ಕ್ಷಣಕಾಲ ನಿಲ್ಲುತ್ತದೆ, ವೋಲ್ಟೇಜ್ 0.2ಕ್ಕಿಂತ ಕೆಳಗೆ ಬೀಳಬೇಕು. ಎರಡೂ ಆಗಿ, ಅದೂ ತಡವಿಲ್ಲದೆ ಆದರೆ ಸೆನ್ಸರ್ ಬದುಕಿದೆ. ತೊಂದರೆಯನ್ನು ಎಂಜಿನ್ನಿನಲ್ಲಿ ಹುಡುಕಿ. ವೈಡ್‌ಬ್ಯಾಂಡಿನಲ್ಲಿ ಇದೇ ಪರೀಕ್ಷೆಗೆ ಲ್ಯಾಂಬ್ಡಾ ಮೊದಲು 1ಕ್ಕಿಂತ ಕೆಳಗಿಳಿದು, ಕಾಲು ತೆಗೆದಾಗ ಬಹಳ ಮೇಲಕ್ಕೆ ಹೋಗಬೇಕು.

ಇನ್ನೂ ಅನುಮಾನವೇ? ಐಡಲ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಒಂದು ಸಣ್ಣ ವ್ಯಾಕ್ಯೂಮ್ ಪೈಪ್ ಬಿಚ್ಚಿ. ಬ್ರೇಕ್ ಬೂಸ್ಟರಿನದ್ದು ಬೇಡ. ಗಾಳಿ ನುಗ್ಗಿದ ಕೂಡಲೇ ವೋಲ್ಟೇಜ್ ಕುಸಿಯಬೇಕು. ಕೆಲ ಕ್ಷಣದಲ್ಲಿ ಇಸಿಯು ಪೆಟ್ರೋಲ್ ಹೆಚ್ಚಿಸಿ ಸರಿದೂಗಿಸಲು ನೋಡುತ್ತದೆ. ಬಿಸಿ ಎಂಜಿನ್ ಮೇಲೆ ಕಾರ್ಬೊರೇಟರ್ ಕ್ಲೀನರ್ ಎರಚಿ ಪರೀಕ್ಷಿಸುವ ರೂಢಿಯಿದೆ. ಮಾಡಬೇಡಿ, ಬೆಂಕಿ ಹತ್ತುತ್ತದೆ.

ಮೀಟರಿನಲ್ಲಿ ನೋಡುವುದಾದರೆ ವೈರ್ ಚುಚ್ಚಬೇಡಿ. ಕಪ್ಲರ್ ಜೋಡಿಸಿರುವಂತೆಯೇ ಅದರ ಹಿಂಬದಿಯಿಂದ, ರಬ್ಬರ್ ಸೀಲಿನ ಪಕ್ಕದಲ್ಲಿ ಗುಂಡುಸೂಜಿ ತೂರಿಸಿ ಸಿಗ್ನಲ್ ಹಿಡಿಯಿರಿ. ಎರಡು ಸೂಜಿ ಒಂದಕ್ಕೊಂದು ತಾಗದಿರಲಿ. ಸಿಗ್ನಲ್ ಮತ್ತು ಅರ್ಥ್ ಪಿನ್ನಿನ ನಡುವೆ ಓಮ್ ಅಳೆಯಬೇಡಿ. ಮೀಟರಿನ ಕರೆಂಟು ಸೆನ್ಸರಿಗೇ ಏಟು.

5. ಫ್ಯೂಯೆಲ್ ಟ್ರಿಮ್ ಓದಿ

ಸೆನ್ಸರ್ ಮಾತು ಕೇಳಿ ಇಸಿಯು ಪೆಟ್ರೋಲನ್ನು ಎಷ್ಟು ಶೇಕಡಾ ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕವೇ ಫ್ಯೂಯೆಲ್ ಟ್ರಿಮ್. ‘ಶಾರ್ಟ್ ಟರ್ಮ್’ ಎಂದರೆ ಈ ಕ್ಷಣದ್ದು, ‘ಲಾಂಗ್ ಟರ್ಮ್’ ಎಂದರೆ ಕಲಿತು ನೆನಪಿಟ್ಟುಕೊಂಡದ್ದು. ಎರಡನ್ನೂ ಕೂಡಿಸಿ ನೋಡಿ. ಶೇ. 5ರೊಳಗೆ ಇದ್ದರೆ ಒಳ್ಳೆಯದು, 10 ದಾಟಿದರೆ ಕಾರಣ ಹುಡುಕಬೇಕು.

ಐಡಲ್‌ನಲ್ಲಿ +18 ಇದ್ದು 2,500 ಆರ್‌ಪಿಎಂಗೆ +4ಕ್ಕೆ ಇಳಿದರೆ ವ್ಯಾಕ್ಯೂಮ್ ಲೀಕ್: ಒಡೆದ ಪೈಪ್, ಇನ್‌ಟೇಕ್ ಗ್ಯಾಸ್ಕೆಟ್. ಸೋರುವ ಗಾಳಿ ಸುಮಾರು ಅಷ್ಟೇ ಇರುತ್ತದೆ, ಎಂಜಿನ್ ಎಳೆಯುವ ಒಟ್ಟು ಗಾಳಿ ಹೆಚ್ಚಾದಾಗ ಅದರ ಪಾಲು ಕಿರಿದಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಏರು ಹತ್ತುವಾಗ ಪ್ಲಸ್ ಹೆಚ್ಚಾದರೆ ಪೆಟ್ರೋಲ್ ಸಾಲುತ್ತಿಲ್ಲ: ಫಿಲ್ಟರ್, ಪಂಪ್ ಅಥವಾ ಕೊಳೆ ಹಿಡಿದ ಏರ್‌ಫ್ಲೋ ಸೆನ್ಸರ್. ದೊಡ್ಡ ಮೈನಸ್ ಬಂದರೆ ಸೋರುವ ಇಂಜೆಕ್ಟರ್, ಇಲ್ಲವೇ ತೆರೆದೇ ಉಳಿದ ಪರ್ಜ್ ವಾಲ್ವ್. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ವಾಲ್ವ್ ಇದು.

ಇ20, ಅಂದರೆ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಎಥನಾಲ್‌ನೊಳಗೇ ಆಮ್ಲಜನಕ ಇರುವುದರಿಂದ ಇ20ಗೆ ಬೇಕಾದ ಗಾಳಿಯ ಪ್ರಮಾಣ 14.7ರ ಬದಲು ಸುಮಾರು 13.5ಕ್ಕೆ ಇಳಿಯುತ್ತದೆ. ಇ10ರಿಂದ ಇ20ಗೆ ಬಂದ ಹಳೆ ಕಾರಿನಲ್ಲಿ ಲಾಂಗ್ ಟರ್ಮ್ ಟ್ರಿಮ್ ಶೇ. 4ರಷ್ಟು ಮೇಲೇರಿದ್ದರೆ ಅದು ಸೆನ್ಸರ್ ದೋಷವಲ್ಲ, ಸೆನ್ಸರ್ ಸರಿಯಾಗಿ ಕೆಲಸ ಮಾಡುತ್ತಿರುವ ಗುರುತು.

ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದ ಕಾರಾದರೆ ಎಲ್ಲ ಪರೀಕ್ಷೆಯನ್ನೂ ಪೆಟ್ರೋಲಿನಲ್ಲೇ ಮಾಡಿ. ಕೆಲವು ಕಿಟ್‌ಗಳು ಸೆನ್ಸರ್ ವೈರಿಗೇ ಜೋಡಣೆ ಹಾಕಿರುತ್ತವೆ. ಆ ಜೋಡಣೆ ಸಡಿಲವಾದರೂ ಕೋಡ್ ಬರುತ್ತದೆ.

ಎಮಿಷನ್ ಟೆಸ್ಟ್ ಚೀಟಿಯನ್ನು ಎಸೆಯಬೇಡಿ. ಬಿಎಸ್4 ಮತ್ತು ನಂತರದ ಪೆಟ್ರೋಲ್ ಕಾರುಗಳಿಗೆ ಸುಮಾರು 2,500 ಆರ್‌ಪಿಎಂನಲ್ಲಿ ಅಳೆದ ಲ್ಯಾಂಬ್ಡಾ 0.97ರಿಂದ 1.03ರೊಳಗೆ ಇರಬೇಕು. ಕಾರಿನ ಸೆನ್ಸರ್ ‘ಲೀನ್’ ಎನ್ನುತ್ತಿರುವಾಗ ಅಲ್ಲಿನ ಯಂತ್ರ ಲ್ಯಾಂಬ್ಡಾ 0.93, ಸಿಒ (ಕಾರ್ಬನ್ ಮೊನಾಕ್ಸೈಡ್) ಜಾಸ್ತಿ ಎಂದರೆ ನಿಮ್ಮ ಸೆನ್ಸರ್ ಸುಳ್ಳು ಹೇಳುತ್ತಿದೆ, ಇಲ್ಲವೇ ಅದರ ಮೊದಲು ಸೈಲೆನ್ಸರ್ ಲೀಕ್ ಇದೆ.

6. ಹೀಟರ್ ಕೋಡ್ ಇದ್ದರೆ

ಪಿ0135, ಪಿ0141 ಬಂದರೆ ಮೊದಲು ಫ್ಯೂಸ್ ನೋಡಿ. ಫ್ಯೂಸ್ ಹಾಕಿದ ಕೂಡಲೇ ಮತ್ತೆ ಹೋಗುತ್ತಿದ್ದರೆ ವೈರ್ ಎಲ್ಲೋ ಪೈಪಿಗೆ ತಾಗಿ ಶಾರ್ಟ್ ಆಗಿದೆ, ಅಥವಾ ಹೀಟರ್ ಒಳಗೇ ಶಾರ್ಟ್ ಆಗಿದೆ. ದೊಡ್ಡ ಫ್ಯೂಸ್ ಹಾಕಿ ಮುಂದೂಡಬೇಡಿ.

ಫ್ಯೂಸ್ ಸರಿಯಿದ್ದರೆ, ಎಂಜಿನ್ ಪೂರ್ತಿ ತಣಿದ ಮೇಲೆ ಕಪ್ಲರ್ ಬಿಚ್ಚಿ ಸೆನ್ಸರ್ ಕಡೆಯ ಎರಡು ಹೀಟರ್ ಪಿನ್ನುಗಳ ನಡುವೆ ಓಮ್ ಅಳೆಯಿರಿ. ಒಂದೇ ಬಣ್ಣದ ಎರಡು ವೈರ್ ಸಾಮಾನ್ಯವಾಗಿ ಹೀಟರಿನವು: ಬಾಷ್‌ನಲ್ಲಿ ಎರಡು ಬಿಳಿ, ಡೆನ್ಸೋದಲ್ಲಿ ಎರಡು ಕಪ್ಪು. ಬಾಷ್‌ನಲ್ಲಿ ಕಪ್ಪು ಸಿಗ್ನಲ್, ಡೆನ್ಸೋದಲ್ಲಿ ನೀಲಿ; ಹಾಗಾಗಿ ಬಣ್ಣ ನೋಡಿ ಅವಸರಪಡಬೇಡಿ. ಬಹುತೇಕ ಸೆನ್ಸರುಗಳಲ್ಲಿ 3ರಿಂದ 15 ಓಮ್ ಒಳಗೆ ಬರುತ್ತದೆ. ನಿಖರ ಸಂಖ್ಯೆಗೆ ಸರ್ವಿಸ್ ಮ್ಯಾನುಯಲ್ ನೋಡಿ. ಮೀಟರ್ ‘ಒಎಲ್’ ತೋರಿಸಿದರೆ ಹೀಟರ್ ತುಂಡಾಗಿದೆ, ಸೆನ್ಸರ್ ಬದಲಿಸಲೇಬೇಕು.

ಓಮ್ ಸರಿ ಬಂತೇ? ಎಂಜಿನ್ ಓಡುತ್ತಿರುವಾಗ ವೈರಿಂಗ್ ಕಡೆಯ ಹೀಟರ್ ಪಿನ್ನಿನಲ್ಲಿ ಬ್ಯಾಟರಿ ವೋಲ್ಟೇಜ್ ಇದೆಯೇ ನೋಡಿ. ಇಲ್ಲದಿದ್ದರೆ ರಿಲೇ ಅಥವಾ ವೈರ್. ಇದ್ದರೆ, ಎರಡೂ ಹೀಟರ್ ಪಿನ್ನುಗಳ ನಡುವೆ ಸಣ್ಣ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಅರ್ಥನ್ನು ಇಸಿಯು ಬಿಟ್ಟು ಬಿಟ್ಟು ಕೊಡುವುದರಿಂದ ದೀಪ ಮಿನುಗಬೇಕು. ಮಿನುಗದಿದ್ದರೆ ಇಸಿಯುವರೆಗಿನ ವೈರ್ ತಪಾಸಿಸಿ.

7. ಬಿಚ್ಚಿ ತುದಿ ನೋಡಿ

ಎಂಜಿನ್ ಬೆಚ್ಚಗಿರುವಾಗ ಬಿಚ್ಚಿದರೆ ಸುಲಭ, ಕೆಂಡದಂತಿರುವಾಗ ಅಲ್ಲ. ಬಿಗಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಿರಿ. ಸುತ್ತಿಗೆ, ಇಂಪ್ಯಾಕ್ಟ್ ಗನ್ ಬೇಡ.

ತುದಿಯನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ತಿಳಿ ಬೂದು ಅಥವಾ ಕಂದು ಬಣ್ಣ ಸಹಜ. ಒರಟಾಗಿ ಒಣಗಿದ ಕಪ್ಪು ಮಸಿಯಿದ್ದರೆ ಎಂಜಿನ್ ರಿಚ್ ಓಡುತ್ತಿದೆ. ಕಾರಣ ಸರಿಪಡಿಸಿ ಹೆದ್ದಾರಿಯಲ್ಲಿ ಓಡಿಸಿದರೆ ಸೆನ್ಸರ್ ತಾನೇ ಶುದ್ಧವಾಗುವುದುಂಟು. ಜಿಡ್ಡು ಮಸಿಯಾದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಸುಣ್ಣ ಬಳಿದಂಥ ಬಿಳಿ ಪುಡಿ ಕಂಡರೆ ಸಿಲಿಕಾನ್ ವಿಷ: ಯಾರೋ ಗ್ಯಾಸ್ಕೆಟ್ಟಿಗೆ ಸೆನ್ಸರಿಗೆ ಆಗದ ಸೀಲೆಂಟ್ ಬಳಿದಿದ್ದಾರೆ, ಅಥವಾ ಹೆಡ್ ಗ್ಯಾಸ್ಕೆಟ್ ಮೂಲಕ ಕೂಲಂಟ್ ಸಿಲಿಂಡರಿಗೆ ಇಳಿಯುತ್ತಿದೆ. ಈ ಪೊರೆ ಹೋಗುವುದಿಲ್ಲ. ಉಜ್ಜಬೇಡಿ, ಆಸಿಡ್ಡಿನಲ್ಲಿ ಅದ್ದಬೇಡಿ. ಸೆನ್ಸರ್ ಬದಲಿಸಿ, ಆದರೆ ಕೂಲಂಟ್ ಲೀಕ್ ನಿಲ್ಲಿಸಿದ ಮೇಲೆ. ಇಲ್ಲದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

8. ಹೊಸದನ್ನು ಹಾಕುವಾಗ

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹುಡುಕುವುದಾಗಲಿ, ಆನ್‌ಲೈನ್ ತರಿಸುವುದಾಗಲಿ, ಹಳೆಯದರ ಮೇಲೆ ಕೆತ್ತಿದ ಪಾರ್ಟ್ ನಂಬರ್ ಹೊಂದಿಸಿಯೇ ಕೊಳ್ಳಿ. ಥ್ರೆಡ್ ಕೂತಿತು, ಕಪ್ಲರ್ ಕೂತಿತು ಎಂದರೆ ಸಾಲದು. ಹೀಟರಿನ ಓಮ್ ಬೇರೆಯಿದ್ದರೆ ಪಿ0135 ಮತ್ತೆ ಬರುತ್ತದೆ. ನಾಲ್ಕು ವೈರಿನ ‘ಯೂನಿವರ್ಸಲ್’ ಸೆನ್ಸರನ್ನು ವೈಡ್‌ಬ್ಯಾಂಡ್ ಜಾಗಕ್ಕೆ ಹಾಕಲು ಬರುವುದೇ ಇಲ್ಲ.

ಹೊಸ ಸೆನ್ಸರಿನ ಥ್ರೆಡ್ಡಿಗೆ ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಆಂಟಿ-ಸೀಜ್ ಪೇಸ್ಟ್ ಹಚ್ಚಿರುತ್ತದೆ. ಬಿಸಿಗೆ ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್ ಅದು. ಮತ್ತೆ ಹಚ್ಚುವುದು ಬೇಡ, ತುದಿಗಂತೂ ತಾಗಲೇಬಾರದು. ಕೈಯಿಂದ ಕೊನೆಯವರೆಗೆ ತಿರುಗಿಸಿ, ನಂತರ ಪಾನಾ. ಸಾಮಾನ್ಯ 18 ಎಂಎಂ ಥ್ರೆಡ್ಡಿಗೆ 40–50 ನ್ಯೂಟನ್ ಮೀಟರ್ ಬಿಗಿ ಸಾಕು. ನೆಲಕ್ಕೆ ಬಿದ್ದ ಸೆನ್ಸರನ್ನು ಹಾಕಬೇಡಿ. ಹೊರಗೆ ಏನೂ ಕಾಣದಿದ್ದರೂ ಒಳಗೆ ಸೆರಾಮಿಕ್ ಬಿರಿದಿರಬಹುದು. ಕಪ್ಲರಿಗೆ ಗ್ರೀಸ್, ಕಾಂಟ್ಯಾಕ್ಟ್ ಸ್ಪ್ರೇ ಹಾಕಬೇಡಿ, ವೈರಿಗೆ ಬೆಸುಗೆ ಬೇಡ: ಅನೇಕ ಸೆನ್ಸರುಗಳು ಹೊರಗಿನ ಗಾಳಿಯನ್ನು ವೈರಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ, ಆ ದಾರಿ ಮುಚ್ಚಿದರೆ ಸೆನ್ಸರ್ ಉಸಿರುಗಟ್ಟಿದಂತೆ. ವೈರ್ ಜೋಡಿಸಲೇಬೇಕಾದರೆ ಕ್ರಿಂಪ್ ಮಾಡಿ.

ಬೈಕಿನವರಿಗೆ ಒಂದು ಮಾತು. ಬಿಎಸ್6 ಇಂಜೆಕ್ಷನ್ ಬೈಕ್‌ಗಳಲ್ಲಿ ಥ್ರೆಡ್ ಚಿಕ್ಕದಿರುತ್ತದೆ, ಬಿಗಿಯೂ ಕಡಿಮೆ. ಮೇಲಿನ ಸಂಖ್ಯೆ ಬಳಸಿದರೆ ಥ್ರೆಡ್ ಕಿತ್ತುಬರುತ್ತದೆ. ಸೈಲೆನ್ಸರ್ ಬದಲಿಸಿದ ಮೇಲೆ ಕೋಡ್ ಬಂದಿದ್ದರೆ ಮೊದಲು ಜಾಯಿಂಟ್ ಲೀಕ್ ನೋಡಿ.

ಎಲ್ಲ ಜೋಡಿಸಿದ ಮೇಲೆ ಈಗ ಕೋಡ್ ಅಳಿಸಿ. ಅಳಿಸಿದಾಗ ಕಲಿತ ಟ್ರಿಮ್ ಕೂಡ ಸೊನ್ನೆಗೆ ಬರುವುದರಿಂದ ಮೊದಲ ಕೆಲವು ಕಿಲೋಮೀಟರ್ ಐಡಲ್ ಸ್ವಲ್ಪ ಏರಿಳಿಯಬಹುದು. ಊರೊಳಗೆ, ಹೆದ್ದಾರಿಯಲ್ಲಿ ಎರಡರಲ್ಲೂ ಓಡಿಸಿ, ಸ್ಕ್ಯಾನರಿನ ‘ರೆಡಿನೆಸ್’ ಪುಟದಲ್ಲಿ ಆಕ್ಸಿಜನ್ ಸೆನ್ಸರ್ ಮತ್ತು ಹೀಟರ್ ಸಾಲುಗಳು ‘ಕಂಪ್ಲೀಟ್’ ಎಂದು ತೋರಿಸುವವರೆಗೆ ಕಾಯಿರಿ. ಆ ಸಾಲುಗಳು ಬಾಕಿಯಿರುವಾಗ ಲೈಟ್ ಆರಿದೆ ಎಂದರೆ ಇಸಿಯು ಇನ್ನೂ ಪರೀಕ್ಷೆಯನ್ನೇ ಮಾಡಿಲ್ಲ.